ತೊಳೆದುಕೊಂಡು ಬಂದವಳು

“ಮತ್ತೆ ತೊಳ್ಕೊಂಡು ಬಂದದ್ದಾ? ಫಿರ್ ಸೆ? ಎಂತ ಹೆಂಗಸು ಮಾರಾಯ್ತಿ ನೀನು, ತಲೆಯಲ್ಲಿ ಎಂತ ಉಂಟು, ಸಿಮೆಂಟಾ?”

ಸೋಮವ್ವನ ಎರಡೂ ಕಾಲುಗಳು ಮೇಜಿನ ತುದಿಯ ಕಬ್ಬಿಣದ ಕೊಂಡಿಗಳಲ್ಲಿದ್ದವು. ಹೊಟ್ಟೆಯ ಮೇಲೆ ಗುಡ್ಡೆಯಾಗಿ ಬಿದ್ದ ಸೀರೆಯ ಆಚೆಗೆ ಡಾಕ್ಟರ್ ಯಕ್ಷಿತಾಳ ನೀಲಿ ಟೋಪಿಯಷ್ಟೇ ಕಾಣುತ್ತಿತ್ತು. ತುದಿಗೆ ಹತ್ತಿ ಸುತ್ತಿದ ಉದ್ದನೆಯ ಕಡ್ಡಿಯೊಂದು ಕೆಂಪು ಬಕೆಟ್ಟಿಗೆ ಬಿದ್ದ ಸದ್ದು ಕೇಳಿಸಿತು. ಡಾಕ್ಟರಳ ಹಿಂದೆ ನಾಲ್ವರು ಕಲಿಯುವ ಹುಡುಗಿಯರು ನಿಂತಿದ್ದರು. ಒಬ್ಬಳು ಬರೆದುಕೊಳ್ಳುತ್ತಿದ್ದಳು, ಇನ್ನೊಬ್ಬಳು ಆಕಳಿಸುತ್ತಿದ್ದಳು.

“ಏನು ಹಾಕಿ ತೊಳೆದದ್ದು? ಸಾಬೂನಾ?”

“ತುರಟಿರಿ,” ಎಂದಳು ಸೋಮವ್ವ ಸೂರಿನ ಫ್ಯಾನಿಗೆ ಹೇಳುವಂತೆ.

“ಕ್ಯಾ?”

ಪರದೆಯ ಆಚೆಯಿಂದ, ಅವಳನ್ನು ಇಲ್ಲಿಗೆ ಕರೆತಂದ ಅನುರಾಧಾಳ ದನಿ ಬಂತು. “ಫಿಟ್ಕರಿ, ಮ್ಯಾಡಮ್. ಗಡ್ಡಕ್ಕೆ ಹಚ್ತಾರಲ್ಲ, ವಹೀ.”

ಕ್ಷೌರದಂಗಡಿಯ ಪಟಿಕವನ್ನು ಇವಳು ಎಲ್ಲಿ ಉಪಯೋಗಿಸಿದ್ದಾಳೆಂದು ಅರ್ಥವಾಗಲು ಆ ಹುಡುಗಿಯರಿಗೆ ಒಂದು ಕ್ಷಣ ಬೇಕಾಯಿತು. ಬರೆದುಕೊಳ್ಳುತ್ತಿದ್ದವಳು ಪುಸ್ತಕದಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಕಳಿಸುತ್ತಿದ್ದವಳ ನಿದ್ದೆ ಹಾರಿಹೋಯಿತು.

“ನೋಡಿ, ನೋಡಿಕೊಳ್ಳಿ,” ಎಂದು ಯಕ್ಷಿತಾ ಅವರಿಗೆ ಇಂಗ್ಲಿಷಿನಲ್ಲಿ ಏನೋ ವಿವರಿಸಿದಳು. ಬೆಳಕಿನ ಯಂತ್ರವನ್ನು ಹತ್ತಿರ ಎಳೆದು, ನಾಲ್ವರಿಗೂ ಒಬ್ಬೊಬ್ಬರಾಗಿ ಬಗ್ಗಿ ನೋಡಲು ಹೇಳಿದಳು. ನಾಲ್ವರೂ ಬಗ್ಗಿದರು. ನಾಲ್ಕನೆಯವಳು ನೋಡಿ ಮುಗಿಸುವವರೆಗೆ ಸೋಮವ್ವ ಗೋಡೆಯ ಮೇಲಿನ ದೊಡ್ಡ ಚಿತ್ರವನ್ನು ನೋಡುತ್ತಿದ್ದಳು. ಹೆಂಗಸಿನ ಒಳಗಿನ ಚಿತ್ರ ಅದು ಎಂದು ಅನುರಾಧಾ ಮೊದಲ ಸಲವೇ ಹೇಳಿದ್ದಳು. ಸೋಮವ್ವನಿಗೆ ಮಾತ್ರ ಅದು ಕೋಡು ಅಗಲಿಸಿಕೊಂಡು ನಿಂತ ಟಗರಿನ ತಲೆಯಂತೆ ಕಾಣುತ್ತಿತ್ತು. ಟಗರಿನ ಕಿವಿಗೆ, ಮೂಗಿಗೆ, ಬಾಯಿಗೆ ಒಂದೊಂದು ಗೆರೆ ಎಳೆದು ಇಂಗ್ಲಿಷಿನಲ್ಲಿ ಹೆಸರು ಬರೆದಿದ್ದರು. ಒಂದಕ್ಕೂ ಅವಳಿಗೆ ಹೆಸರು ಗೊತ್ತಿರಲಿಲ್ಲ. ಅವಳ ಮಾತಿನಲ್ಲಿ ಅಲ್ಲಿಗೆಲ್ಲ ಸೇರಿ ಒಂದೇ ಹೆಸರಿತ್ತು, ಅದೂ ಜಗಳದಲ್ಲಿ ಬಯ್ಯುವುದಕ್ಕೆ.

“ಮೂರು ಸಲ ಸ್ಯಾಂಪಲ್ ಖರಾಬ್. ಇನ್ನು ಇವಳು ಬೇಡ,” ಎಂದು ಯಕ್ಷಿತಾ ಕೈಗವಸು ಕಳಚಿದಳು. ಕಾಗದದಲ್ಲಿ ತೊಂಬತ್ತಾರನೇ ನಂಬರಿನ ಮೇಲೆ ಪೆನ್ನು ಅಡ್ಡ ಎಳೆದಳು. “ಏಳು, ಬಟ್ಟೆ ಸರಿ ಮಾಡ್ಕೋ.”

ಸೋಮವ್ವ ಕಾಲಿಳಿಸಿ ಕುಳಿತಳು. ಕೇಳಬೇಕಾದ್ದನ್ನು ಮುಂಬೈಯ ಲೋಕಲ್ ರೈಲಿನಲ್ಲಿ ಬರುವಾಗ ಮೂರು ನಾಲ್ಕು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು.

“ಬಾಯಾರ, ಒಳಗ ನನಗ ಏನಾಗ್ಯಾದ್ರೀ?”

“ಹಾಂ?”

“ನೀವು ನೋಡ್ದ್ರಿ. ಅವರೂ ನೋಡ್ದ್ರು. ರಕ್ತ ಹೋಗ್ಲಕತ್ತು ಆರು ತಿಂಗಳಾತು. ಏನದ ಅಲ್ಲಿ?”

ಯಕ್ಷಿತಾ ಗಡಿಯಾರ ನೋಡಿದಳು. ಹೊರಗೆ ಇನ್ನೂ ಹದಿನಾಲ್ಕು ಹೆಂಗಸರು ಕುಳಿತಿದ್ದರು. “ಇದು ರಿಸರ್ಚ್. ಇಲ್ಲಿ ಟ್ರೀಟ್‌ಮೆಂಟ್ ಕೊಡುದಿಲ್ಲ. ಕೆಳಗೆ ಓಪಿಡಿ ಉಂಟು, ಅಲ್ಲಿ ಕೇಳು. ಅನುರಾಧಾ, ನೆಕ್ಸ್ಟ್!”

*

ಕೆಳಗಿನ ಓಪಿಡಿಗೆ ಸೋಮವ್ವ ಹೋಗಿದ್ದಳು. ಎರಡು ಸಲ ಹೋಗಿದ್ದಳು. ಕಿಟಕಿಯ ಹಿಂದಿನ ಗುಮಾಸ್ತೆ ಅವಳ ಕಾರ್ಡನ್ನು ತಿರುವಿ, ಮೇಲೆ ಒತ್ತಿದ್ದ ಹಸಿರು ಠಸ್ಸೆಯನ್ನು ತೋರಿಸಿ, “ತುಮ್ಹಾರಾ ಕೇಸ್ ರಿಸರ್ಚ್ ಕಾ ಹೈ. ಉಪರ್ ಸೆ ಪೇಪರ್ ಲಾವ್,” ಎಂದು, ಅಲ್ಲಿ ನೋಡಿದ್ದನ್ನು ಇಲ್ಲಿ ಮತ್ತೆ ಯಾಕೆ ನೋಡಬೇಕೆಂದು ಕೇಳಿದ್ದಳು. ಮೇಲೆ ಕೇಳಿದರೆ, ಮೇಲಿನ ಪೇಪರು ಮೇಲೆಯೇ ಇರಬೇಕು, ಅದು ರೋಗಿಯ ಕೈಗೆ ಕೊಡುವಂಥದ್ದಲ್ಲ ಎಂದಿದ್ದರು. ಒಂದು ದಿನ ಅವಳು ಆ ಮೆಟ್ಟಿಲುಗಳನ್ನು ಐದು ಸಲ ಹತ್ತಿಳಿದಳು. ಐದನೆಯ ಸಲ ಇಳಿಯುವಾಗ ತೊಡೆಗುಂಟ ಬೆಚ್ಚಗೆ ಹರಿದು ಬಂದದ್ದನ್ನು ಸೆರಗಿನಿಂದ ಒತ್ತಿ ಹಿಡಿದು, ಗೋಡೆಗೆ ಆತು ನಿಂತಿದ್ದಳು. ಕಸ ಗುಡಿಸುವವಳು ಬಂದು, “ಇಥೆ ನಕೋ ಬಸೂ,” ಎಂದಳು. ಸೋಮವ್ವ ಕುಳಿತಿರಲಿಲ್ಲ, ನಿಂತೇ ಇದ್ದಳು.

ಇಂದು ಹೆಸರು ಹೊಡೆದಮೇಲೆ ಆ ಹಸಿರು ಠಸ್ಸೆಯ ಬೆಲೆಯೂ ಹೋಯಿತು. ಸ್ಟೇಷನ್ನಿನ ಕಡೆ ನಡೆಯುತ್ತ ಅನುರಾಧಾ ತಲೆ ಚಚ್ಚಿಕೊಂಡಳು.

“ಮಾವ್ಶಿ, ನಾನು ಕಿತಿ ಸಲ ಹೇಳ್ದೆ? ತೊಳೀಬೇಡಾ ಅಂತ. ಫಾರ್ಮ್ ಮೇಲೆ ಲಿಖಾ ಹೈ.”

“ಯಾವಾಗ ಹೇಳ್ದಿ?”

ಅನುರಾಧಾ ಯೋಚಿಸಿದಳು. ಅವಳು ಗೋರೆಗಾಂವಿನ ಚಾಳಿನಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಯಾದಗಿರಿಯ ಕಡೆಯವನಾದ್ದರಿಂದ ಅವಳಿಗೆ ಈ ಕೆಲಸ ಸಿಕ್ಕಿತ್ತು: ಬಿಲ್ಡಿಂಗುಗಳ ಪಕ್ಕದ ತಗಡಿನ ಶೆಡ್ಡುಗಳಿಗೆ ಹೋಗಿ ಕನ್ನಡದ ಹೆಂಗಸರನ್ನು ಒಪ್ಪಿಸಿ ಕರೆತರುವುದು. ಫಾರ್ಮಿನ ನಾಲ್ಕು ಪುಟಗಳಲ್ಲಿ ಮೊದಲನೆಯದನ್ನು ಓದಿ ಹೇಳಿ, ಉಳಿದ ಮೂರಕ್ಕೆ ಹೆಬ್ಬೆಟ್ಟು ಒತ್ತಿಸುವುದು ಅವಳಿಗೆ ರೂಢಿಯಾಗಿಹೋಗಿತ್ತು. ತೊಳೆಯಬಾರದೆಂಬ ಮಾತು ಮೂರನೇ ಪುಟದಲ್ಲಿತ್ತು.

“ಜಾವೂ ದೆ, ಹೋಗ್ಲಿ ಬಿಡು,” ಎಂದಳು ಅನುರಾಧಾ, ಮುಖ ತಿರುಗಿಸಿ. “ಆದರೂ ಫಿಟ್ಕರಿ ಯಾರು ಹಾಕ್ತಾರೆ ಮಾವ್ಶಿ?”

ಊರಲ್ಲಿ ಸೂಲಗಿತ್ತಿ ಕೈ ಹಾಕುವ ಮುಂಚೆ ಕೂಡ ಬಸುರಿ ಬಿಸಿನೀರಲ್ಲಿ ತೊಳೆದುಕೊಂಡೇ ಮಲಗುತ್ತಿದ್ದಳು. ಮುಟ್ಟುವವರ ಕೈಗೆ ಹೇಸಿಗೆಯಾಗಬಾರದು, ಅಷ್ಟೇ. ಮೊದಲ ಸಲ ಇಲ್ಲಿಗೆ ಬಂದಾಗ ಸೋಮವ್ವನಿಗೆ ಆ ಪುರಸೊತ್ತು ಸಿಕ್ಕಿರಲಿಲ್ಲ. ಬೆಳಗಿನಿಂದ ಸ್ಲ್ಯಾಬಿಗೆ ಕಾಂಕ್ರೀಟು ಹೊತ್ತು, ನೇರ ಕೆಲಸದಿಂದಲೇ ಬಂದಿದ್ದಳು. ಕಾಲು ಮೇಲೆತ್ತಿದ್ದೇ ತಡ, ಯಕ್ಷಿತಾ ಮುಖ ಹಿಂದಕ್ಕೆಳೆದು, “ಛೀ! ಈ ಘಟ್ಟದ ಮೇಲಿನವರು ಸ್ನಾನ ಮಾಡುದೇ ಇಲ್ವಾ?” ಎಂದಳು. ನರ್ಸು ಮೂಗಿಗೆ ಬಟ್ಟೆ ಹಿಡಿದು ಕಿಟಕಿ ತೆರೆದಳು. ಅವತ್ತು ಕಡ್ಡಿ ಕೆಂಪು ಬಕೆಟ್ಟಿಗೆ ಬೀಳಲಿಲ್ಲ, ಗಾಜಿನ ಕೊಳವೆಗೆ ಹೋಯಿತು. ಅವತ್ತು ಅವರು ಬೆಳಕಿನ ಯಂತ್ರವನ್ನಿಟ್ಟು ಬಹಳ ಹೊತ್ತು ನೋಡಿದರು. ದೊಡ್ಡ ಡಾಕ್ಟರನ್ನು ಕರೆಸಿದರು. ಆತ ಬಂದು ನೋಡಿ, ಹುಬ್ಬೇರಿಸಿ, ಯಕ್ಷಿತಾಳ ಭುಜ ತಟ್ಟಿ ಹೋದ. ಹುಬ್ಬೇರಿಸಿದ್ದು ಒಂದು ಸೋಮವ್ವನಿಗೆ ನೆನಪಿದೆ. ಅವರು ಹೋದಮೇಲೆ ಅವಳ ಕೈಗೆ ಒಂದು ಸ್ಟೀಲಿನ ಡಬ್ಬಿ ಕೊಟ್ಟು ಕಳಿಸಿದರು.

ಅದಾದಮೇಲೆ ಅವಳು ತೊಳೆಯದೆ ಹೋಗಲಿಲ್ಲ. ಶೆಡ್ಡಿಗೆ ದಿನ ಬಿಟ್ಟು ದಿನ ಟ್ಯಾಂಕರು ಬರುತ್ತಿತ್ತು. ಕುಡಿಯುವ ಕೊಡದಿಂದ ಎರಡು ಚೊಂಬು ಎತ್ತಿಟ್ಟುಕೊಂಡು, ನಾಲ್ಕು ಬಿದಿರುಗಳಿಗೆ ಗೋಣಿ ಕಟ್ಟಿದ ಮರೆಯಲ್ಲಿ ಕುಳಿತು, ತುರಟಿಯನ್ನು ನೀರಿನಲ್ಲಿ ಕದಡಿ, ಉರಿದರೂ ಹಲ್ಲು ಕಚ್ಚಿಕೊಂಡು ತೊಳೆಯುತ್ತಿದ್ದಳು. ಇನ್ನು ಮೂಗು ಮುಚ್ಚಿಕೊಳ್ಳಲಾರರು. ಮೂಗು ಮುಚ್ಚಿಕೊಳ್ಳದಿದ್ದರೆ ಮಾತಾಡಿಸಿಯಾರು. ಮಾತಾಡಿಸಿದರೆ ಕೇಳಬಹುದು.

*

“ಎಲ್ಲಿ ಸತ್ತು ಹೋಗಿದ್ದಿಬೇ, ರಂಡಿ?”

ಸೈಟಿನ ಕೂಲಿಗಳ ಮುಕಾದಮ ಧರ್ಮಣ್ಣ ಲಿಫ್ಟಿನ ಬಾಯಲ್ಲಿ ಕುರ್ಚಿ ಹಾಕಿ ಕುಳಿತಿದ್ದ. ಸೋಮವ್ವನ ಪಕ್ಕದ ಊರಿನವನೇ. ಊರಲ್ಲಿ ಎದುರಾದರೆ ಯಾರೂ ಅವನನ್ನು ಲೆಕ್ಕಕ್ಕಿಡುತ್ತಿರಲಿಲ್ಲ. ಇಲ್ಲಿ ಇಪ್ಪತ್ತೆರಡು ಮಹಡಿಗಳ ಮಂದಿ ಅವನ ಬಾಯಿಗೆ ಹೆದರುತ್ತಿದ್ದರು.

“ದವಾಖಾನಿಗೆ ಹೋಗಿದ್ದೆ, ಧರ್ಮಣ್ಣ.”

“ಏನಾಗ್ಯಾದ ನಿನಗ? ಕೈ ಮುರದಾವ? ಕಾಲು ಮುರದಾವ?”

ಸೋಮವ್ವ ತಲೆಗೆ ಸಿಂಬೆ ಇಟ್ಟುಕೊಂಡಳು.

“ನನಗ ಗೊತ್ತದಬೇ. ಆ ಅನುರಾಧಿ ಕರ್ಕೊಂಡು ಹೋಗ್ತಾಳ. ಕಾಲು ಅಗಲಿಸಿ ತೋರ್ಸಿ, ಡಬ್ಬಿ ಇಸ್ಕೊಂಡು ಬರ್ತೀರಿ. ತೋರ್ಸೂದs ಐತಿ ಅಂದ್ರ ಅಷ್ಟು ದೂರ ಯಾಕ ಹೋಗ್ತೀರಿ?”

ಕೆಳಗೆ ಕುಳಿತ ಗಂಡಸರು ನಕ್ಕರು. ಜಲ್ಲಿ ತುಂಬುತ್ತಿದ್ದ ಭಾಗವ್ವ ಸಲಿಕೆ ನೆಲಕ್ಕೆ ಊರಿ ಎದ್ದಳು. ಅವಳಿಗೆ ಅರವತ್ತರ ಹತ್ತಿರ ವಯಸ್ಸು. ಸೋಮವ್ವನನ್ನು ಮುಂಬೈಗೆ ಕರೆತಂದವಳೇ ಅವಳು.

“ಲೇ ಧರ್ಮ್ಯಾ, ನಿಮ್ಮವ್ವ ನಿನ್ನ ಕಿವಿಯಿಂದ ಹಡದಾಳೇನಲೇ? ಅಲ್ಲಿಂದಾನೆ ಬಿದ್ದೀಯಲ್ಲ ನೀನೂ? ಬಿದ್ದ ಜಾಗಾದ ಮ್ಯಾಲ ಇಷ್ಟ್ಯಾಕೋ ಸಿಟ್ಟು, ಭಾಡ್ಯಾ?”

ಈಗ ಹೆಂಗಸರೂ ನಕ್ಕರು. ಧರ್ಮಣ್ಣನ ಮುಖ ಕಪ್ಪಿಟ್ಟಿತು. ಭಾಗವ್ವನಿಗೆ ಏನೂ ಹೇಳಲಾಗದೆ ಸೋಮವ್ವನ ಕಡೆ ತಿರುಗಿದ. “ನೀನು ಇವತ್ತಿಂದ ಕೆಳಗ ಬ್ಯಾಡ. ಹದಿನಾರನೇ ಮಾಳಿಗಿ. ಲಿಫ್ಟು ಮಾಲಿಗಿ ಅದ, ಮಂದಿಗಲ್ಲ. ನಡಕೋತ ಹತ್ತು.”

ಸೋಮವ್ವ ಹತ್ತಿದಳು. ಹತ್ತುತ್ತ ಎಣಿಸಲಿಲ್ಲ. ಐದನೇ ಮಹಡಿಯಲ್ಲಿ ಗಿರಾಕಿಗಳಿಗೆ ತೋರಿಸಲೆಂದು ಸಿಂಗರಿಸಿಟ್ಟ ಮನೆಯಿತ್ತು. ಬಾಗಿಲು ತೆರೆದಿತ್ತು. ಒಳಗೆ ಮೂರು ಸ್ನಾನದ ಕೋಣೆಗಳಿದ್ದವೆಂದು ಅವಳಿಗೆ ಗೊತ್ತು, ಮೂರಕ್ಕೂ ಬಿಳಿ ಕಲ್ಲು ಹೊತ್ತು ಹಾಕಿದವಳು ಅವಳೇ. ಸೈಟಿನಲ್ಲಿ ಗಂಡಸರಿಗೆ ಎರಡು ಪಾಯಿಖಾನೆಗಳಿದ್ದವು. ಹೆಂಗಸರು ಬೆಳಿಗ್ಗೆ ಕತ್ತಲಿದ್ದಾಗ ಹೋದರೆ ಮತ್ತೆ ಕತ್ತಲಾದಮೇಲೆಯೇ. ನಡುವೆ ಬರಬಾರದೆಂದು ಯಾರೂ ನೀರು ಕುಡಿಯುತ್ತಿರಲಿಲ್ಲ. ಉರಿ, ಕೆರೆತ, ಬಿಳಿ ಹೋಗುವುದು ಎಲ್ಲರಿಗೂ ಇತ್ತು. ಅನುರಾಧಾ ಮೊದಲು ಶೆಡ್ಡಿಗೆ ಬಂದು, ಹೆಂಗಸರ ಒಳಗೆ ಎಂಥೆಂಥ ಹುಳ ಇರುತ್ತವೆ, ಒಳ್ಳೆಯವು ಎಷ್ಟು ಕೆಟ್ಟವು ಎಷ್ಟು ಎಂದು ದೊಡ್ಡ ದವಾಖಾನೆಯವರು ನೋಡುತ್ತಾರೆ ಎಂದಾಗ ಭಾಗವ್ವ ಬಿದ್ದು ಬಿದ್ದು ನಕ್ಕಿದ್ದಳು. “ಊರಾಗ ನಾವು ಮುಟ್ಟಿದ ಕೊಡ ಮುಟ್ಟಲ್ಲ ಮಂದಿ. ಇಲ್ಲಿ ನಮ್ಮ ಹುಳಾ ಹುಡುಕ್ಕೊಂಡು ಬಂದಾರ ನೋಡ್ರೇ!” ನಕ್ಕು, ಕಣ್ಣೊರೆಸಿಕೊಂಡು, ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದವಳೂ ಅವಳೇ.

ಹನ್ನೊಂದನೇ ಮಹಡಿಯಲ್ಲಿ ಸೋಮವ್ವ ಕುಳಿತುಕೊಂಡಳು. ಕಂಬಿಗಳ ಸಂದಿನಿಂದ ದೂರದ ಅಂಧೇರಿಯ ಕಡೆ ವಿಮಾನವೊಂದು ತಗ್ಗುತ್ತಿರುವುದು ಕಾಣುತ್ತಿತ್ತು. ಹೊಟ್ಟೆಯ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಿರುವಂತಿತ್ತು.

ಗಂಡ ಭೀಮರಾಯ ಇದೇ ಸೈಟಿನಲ್ಲಿ ಕಂಬಿ ಕಟ್ಟುತ್ತಿದ್ದ. ಅವನು ಒಳ್ಳೆಯವನೇ. ಕುಡಿದು ಹೊಡೆದವನಲ್ಲ. ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ತನ್ನ ಲುಂಗಿಗೆ ಹತ್ತಿದ ರಕ್ತವನ್ನು ನೋಡಿ, ಏನೂ ಅನ್ನದೆ ತಾನೇ ಒಗೆದುಕೊಂಡ. ಅಂದಿನಿಂದ ತನ್ನ ಹಾಸಿಗೆಯನ್ನು ಶೆಡ್ಡಿನ ಬಾಗಿಲಿಗೆ ಸರಿಸಿಕೊಂಡ. ಏನಾಗಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ಸೋಮವ್ವ ಏನು ಹೇಳುತ್ತಿದ್ದಳು? ಗೊತ್ತಿದ್ದವರು ದವಾಖಾನೆಯ ಮೂರನೇ ಮಾಳಿಗೆಯ ಒಂದು ಕೋಣೆಯಲ್ಲಿದ್ದರು. ಅವರು ಬಗ್ಗಿ ನೋಡಿದ್ದರು, ಬರೆದಿಟ್ಟಿದ್ದರು, ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು. ಆಕಳಿಸುತ್ತಿದ್ದ ಹುಡುಗಿಗೂ ಗೊತ್ತು. ಇದ್ದದ್ದು ಇವಳ ಮೈಯಲ್ಲಿ, ಇವಳೊಬ್ಬಳಿಗೆ ಗೊತ್ತಿಲ್ಲ.

*

ಶ್ರಾವಣ ಹಿಡಿದು ವಾರವಾಗಿತ್ತು. ಅನುರಾಧಾ ಶೆಡ್ಡಿನ ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದಳು.

“ಸೋಮವ್ವ ಮಾವ್ಶಿ, ಒಂದು ಕಾಮ್ ಇತ್ತು.”

“ನನ್ನ ಹೆಸರಾ ಹೊಡದಾರಲ್ಲವಾ. ಇನ್ನೇನು ಕಾಮು?”

“ಶನಿವಾರ ಫಂಕ್ಷನ್ ಇದೆ. ಅಂಧೇರಿ ಹಾಟೆಲ್ಲಲ್ಲಿ. ಸ್ಟಡಿ ಮುಗೀತಲ್ಲ, ಬಡೇ ಬಡೇ ಡಾಕ್ಟರ್ ಬರ್ತಾರೆ. ನಮ್ಮ ಸೈಟಿಂದ ಹನ್ನೊಂದು ಬಾಯಕಾ ಬೇಕು, ಸ್ಟೇಜ್ ಮೇಲೆ ಸೀರೆ ಕೊಡ್ತಾರೆ, ಫೋಟೋ ತೆಗೀತಾರೆ. ಎರಡು ಜನ ಪಂಚಮಿಗೆ ಊರಿಗೆ ಹೋದರು. ನೀನು ಬಾ ನಾ.”

“ಹೊಡದ ಹೆಸರಿನಾಕಿ ಹೆಂಗ ಬರ್ಲಿ?”

“ಹೆಸರು ಕೋಣ್ ಕೇಳ್ತಾರೆ? ಹನ್ನೊಂದು ಕಂಡರೆ ಆಯ್ತು. ಕಮ್ಮಿ ಆದರೆ ನನಗೆ ಬೈತಾರೆ, ಮಾವ್ಶಿ. ಮುಂದಿನ ಸ್ಟಡಿಗೆ ನನ್ನನ್ನ ಇಟ್ಕೊಳಲ್ಲ.”

ಭಾಗವ್ವ ರೊಟ್ಟಿ ತಟ್ಟುತ್ತ ಕುಳಿತಲ್ಲಿಂದಲೇ ಕೇಳಿದಳು. “ಮುಂದಿಂದು ಯಾವುದರ ಮ್ಯಾಲಂತೆ? ಹಿಂದಿನ ಕಡೀದಾ?”

ಅನುರಾಧಾ ನಗಲಾರದೆ ನಕ್ಕಳು. ಸೋಮವ್ವ ನಗಲಿಲ್ಲ.

“ಬರ್ತೀನಿ. ಆ ಡಾಕ್ಟರಬಾಯಿ ಇರ್ತಾಳ?”

“ಯಕ್ಷಿತಾ ಮ್ಯಾಡಮ್? ಇರ್ತಾರೆ.”

“ಆಕಿ ಜೋಡಿ ಒಂದs ಮಾತು ಮಾತಾಡಾಕ ಬಿಡಬೇಕು ನನಗ. ಆಣಿ ಮಾಡಿ ಹೇಳು.”

“ನಕ್ಕೀ, ಪಕ್ಕಾ ಮಾವ್ಶಿ. ಫಂಕ್ಷನ್ ಆದಮೇಲೆ, ಚಹಾ ಟೈಮಲ್ಲಿ. ನಾನೇ ಕರ್ಕೊಂಡು ಹೋಗ್ತೀನಿ.”

*

ಹಾಟೆಲ್ಲಿನ ಹಾಲ್‌ನಲ್ಲಿ ಥಂಡಿ ಎಷ್ಟಿತ್ತೆಂದರೆ ಹೆಂಗಸರು ಸೆರಗು ಹೊದ್ದುಕೊಂಡು ಒಬ್ಬರಿಗೊಬ್ಬರು ಆತು ಕುಳಿತರು. ಅವರನ್ನು ಕಡೆಯ ಸಾಲಿನಲ್ಲಿ ಕೂರಿಸಿ, ಕೊರಳಿಗೆ ಒಂದೊಂದು ಚೀಟಿ ನೇತು ಹಾಕಿದ್ದರು. ಸೋಮವ್ವನ ಕೊರಳಲ್ಲಿದ್ದ ಚೀಟಿ ಊರಿಗೆ ಹೋದ ಮಹಾದೇವಿಯದು. ಮುಂದಿನ ಸಾಲುಗಳಲ್ಲಿ ಡಾಕ್ಟರರಿದ್ದರು. ಯಕ್ಷಿತಾ ರೇಷ್ಮೆ ಸೀರೆ ಉಟ್ಟಿದ್ದಳು. ನೀಲಿ ಟೋಪಿಯಿಲ್ಲದೆ ಅವಳ ಗುರುತು ಹತ್ತಲು ಸೋಮವ್ವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕೂದಲು ಉದ್ದಕ್ಕಿತ್ತು. ವಯಸ್ಸು ಮೂವತ್ತೂ ಇರಲಿಕ್ಕಿಲ್ಲ.

ಅಂದು ಹುಬ್ಬೇರಿಸಿದ್ದ ದೊಡ್ಡ ಡಾಕ್ಟರು ವೇದಿಕೆಯ ಮೇಲೆ ಮಾತಾಡುತ್ತಿದ್ದರು. ಪಕ್ಕದಲ್ಲಿ ಗೋಡೆಯಷ್ಟೇ ಅಗಲದ ಬಿಳಿ ಪರದೆ. ಅದರ ಮೇಲೆ ಬಣ್ಣದ ಕಂಬಗಳು ಎದ್ದವು, ಬಿದ್ದವು. ಗೆರೆಗಳು ಹತ್ತಿದವು, ಇಳಿದವು. ಮಂದಿ ತಲೆಯಾಡಿಸಿದರು. ಕಡೆಯ ಸಾಲಿನಲ್ಲಿ ಒಬ್ಬಳು ಗೊರಕೆ ಹೊಡೆಯತೊಡಗಿದಳು. ಭಾಗವ್ವ ಅವಳ ಪಕ್ಕೆಗೆ ತಿವಿದು, “ನಿನ್ನ ಹುಳದ ಲೆಕ್ಕಾ ಹೇಳ್ಲಕತ್ತಾರ, ಕಣ್ಣು ತೆರಿ,” ಎಂದಳು.

ಆಗ ಕಂಬಗಳು ಹೋಗಿ, ಪರದೆಯ ತುಂಬ ಒಂದು ಫೋಟೋ ಬಂತು.

ಮೊದಲಿಗೆ ಅದೇನೆಂದು ಹೆಂಗಸರಿಗೆ ತಿಳಿಯಲಿಲ್ಲ. ಬಾಯಿ ತೆರೆದರೆ ಕಾಣುವ ಅಂಗುಳದಂತೆ ಗುಲಾಬಿ, ಒದ್ದೆ. ಎರಡು ಉಕ್ಕಿನ ತಗಡುಗಳು ಅದನ್ನು ಮೇಲೆ ಕೆಳಗೆ ಅಗಲಿಸಿ ಹಿಡಿದಿದ್ದವು. ನಡುವೆ, ಆಳದಲ್ಲಿ, ದುಂಡಗೆ ಉಬ್ಬಿದ ಗುಡ್ಡದ ಮೇಲೆ ಅತ್ತಿಹಣ್ಣು ಬಿರಿದಂತೆ ಕೆಂಪು. ಒಂದು ಮೂಲೆಯಲ್ಲಿ ತೊಡೆಯ ತುಂಡು ಮತ್ತು ಒತ್ತರಿಸಿದ ನೀಲಿ ಬಟ್ಟೆ. ನೀಲಿ ಬಟ್ಟೆಗೆ ಹಳದಿ ಚೌಕಳಿಯ ತೇಪೆ.

ಕಡೆಯ ಸಾಲಿನಲ್ಲಿ ಯಾರೋ “ಅಯ್ಯ ಯವ್ವಾ,” ಎಂದು ಕಣ್ಣು ಮುಚ್ಚಿಕೊಂಡರು.

ಭಾಗವ್ವ ಸೋಮವ್ವನ ಕಿವಿಯ ಹತ್ತಿರ ಬಂದಳು. ಅವರಿಬ್ಬರ ಬಟ್ಟೆಗಳು ಒಂದೇ ಹಗ್ಗದ ಮೇಲೆ ಒಣಗುತ್ತಿದ್ದವು. “ಸೋಮೀ… ಆ ತ್ಯಾಪಿ ನಿಂದಲ್ಲೇನ?”

ಅವಳದೇ. ಭೀಮರಾಯನ ಹಳೆಯ ಅಂಗಿ ಹರಿದು ತನ್ನ ಲಂಗಕ್ಕೆ ಅವಳೇ ಹಾಕಿದ ತೇಪೆ. ಸೋಮವ್ವ ಪರದೆಯನ್ನೇ ನೋಡಿದಳು. ಆ ಬೆಳಕಿನ ಯಂತ್ರ ಫೋಟೋ ಹೊಡೆಯುತ್ತದೆಂದು ಯಾರೂ ಹೇಳಿರಲಿಲ್ಲ. ಮೂರು ಮಕ್ಕಳನ್ನು ಹೆತ್ತ, ಮೂವತ್ತೊಂಬತ್ತು ವರ್ಷ ಅವಳೊಂದಿಗೇ ಇದ್ದ ಆ ಜಾಗವನ್ನು ಅವಳು ಒಂದು ಸಲವೂ ನೋಡಿರಲಿಲ್ಲ. ಈಗ ನೋಡುತ್ತಿದ್ದಳು. ಇನ್ನೂರು ಮಂದಿಯೊಂದಿಗೆ, ಆಳೆತ್ತರಕ್ಕಿಂತ ದೊಡ್ಡದಾಗಿ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅವಳಿಗೆ ಮೊದಲು ಅನ್ನಿಸಿದ್ದು, ಅದು ತಾನಂದುಕೊಂಡಷ್ಟು ಹೊಲಸಾಗಿಲ್ಲ ಎಂದು. ಆಮೇಲೆ ಕೆಂಪನ್ನು ನೋಡಿದಳು.

ದೊಡ್ಡ ಡಾಕ್ಟರ ಕೈಯ ಕಡ್ಡಿಯಿಂದ ಹೊರಟ ಬೆಳಕಿನ ಚುಕ್ಕೆಯೊಂದು ಆ ಕೆಂಪಿನ ಸುತ್ತ ಸುತ್ತುತ್ತಿತ್ತು. ಅವರು ಏನೋ ಹೇಳಿದರು. ಮುಂದಿನ ಸಾಲಿನವರು ಕುತ್ತಿಗೆ ಚಾಚಿದರು. ಒಬ್ಬ ಮೊಬೈಲೆತ್ತಿ ಫೋಟೋದ ಫೋಟೋ ಹೊಡೆದುಕೊಂಡ.

ಸೋಮವ್ವ ಎದ್ದಳು.

“ಮಾವ್ಶಿ, ಕುಠೆ ಹೋಗ್ತೀ? ಬಸ್, ಕೂತ್ಕೋ,” ಎಂದು ಅನುರಾಧಾ ಸೆರಗು ಹಿಡಿದಳು. “ಚಹಾ ಟೈಮಲ್ಲಿ ಅಂದಿದ್ದೆ ನಾ!” ಸೆರಗು ಬಿಡಿಸಿಕೊಂಡು ಸೋಮವ್ವ ನಡುವಿನ ಓಣಿಯಲ್ಲಿ ನಡೆದಳು. ಮೆತ್ತನೆಯ ಜಮಖಾನೆಯಲ್ಲಿ ಹೆಜ್ಜೆಯ ಸದ್ದೇ ಆಗಲಿಲ್ಲ. ವೇದಿಕೆಯ ಮೆಟ್ಟಿಲಲ್ಲಿ ನಿಂತಿದ್ದ ಕೋಟಿನವನು ನಗುತ್ತ ಅಡ್ಡ ಬಂದ.

“ಬೈಠೋ ಬೈಠೋ, ಅಮ್ಮಾ. ಸಾಡಿ ಬಾದ್ ಮೇ ಮಿಲೇಗಾ. ಸಬ್ ಕೋ ಮಿಲೇಗಾ.”

“ಸೀರಿ ಬ್ಯಾಡ ನನಗ.”

ಅವನ ತೋಳಿನ ಕೆಳಗಿಂದ ನುಸುಳಿ ಅವಳು ಮೇಲೆ ಹತ್ತಿದಳು. ಯಂತ್ರದ ಬೆಳಕು ಅವಳ ಮೇಲೆ ಬಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದಳು. ದೊಡ್ಡ ಡಾಕ್ಟರು ಮಾತು ನಿಲ್ಲಿಸಿ, ಯಾವುದೋ ಸಾಮಾನು ಎತ್ತಲು ಬಂದವಳಿಗೆ ಜಾಗ ಬಿಡುವಂತೆ ಒಂದು ಹೆಜ್ಜೆ ಹಿಂದೆ ಸರಿದರು.

“ಅದು ನಂದದರಿ,” ಎಂದಳು ಸೋಮವ್ವ.

ಮೈಕು ಅವಳ ದನಿಯನ್ನೂ ಹಿಡಿಯಿತು. ಹಾಲಿನ ಮೂಲೆ ಮೂಲೆಗೂ ಅದು ಕೇಳಿಸಿತು. ಮುಂದಿನ ಸಾಲಿನಲ್ಲಿ ಒಬ್ಬಳನ್ನು ಬಿಟ್ಟರೆ ಯಾರಿಗೂ ಅರ್ಥವಾಗಲಿಲ್ಲ.

“ವಾಟ್ ಈಸ್ ಶಿ ಸೇಯಿಂಗ್?” ಎಂದು ದೊಡ್ಡ ಡಾಕ್ಟರು ಕೆಳಗೆ ನೋಡಿದರು. “ಯಕ್ಷಿತಾ?”

ಯಕ್ಷಿತಾ ಎದ್ದು ನಿಂತಳು. ಸೀರೆಯ ನೆರಿಗೆ ಹಿಡಿದುಕೊಂಡು ಒಂದೆರಡು ಸಾಲು ಇಂಗ್ಲಿಷ್ ಹೇಳಿದಳು. ಎರಡನೇ ಸಾಲಿಗೆ ಅವಳ ದನಿ ಇಳಿಯಿತು. ಹಾಲಿನಲ್ಲಿ ಗುಜುಗುಜು ಎದ್ದಿತು. ದೊಡ್ಡ ಡಾಕ್ಟರು ಎರಡೂ ಕೈ ಎತ್ತಿ, ನಗುತ್ತ, ಸಮಾಧಾನ ಮಾಡುವಂತೆ ಏನೋ ಹೇಳಿದರು.

“ಎಂತ ಅಂದ್ರೆ…” ಯಕ್ಷಿತಾ ಸೋಮವ್ವನ ಕಡೆ ನೋಡದೆ ಕನ್ನಡಕ್ಕೆ ತಂದಳು. “ಇದರಲ್ಲಿ ಹೆಸರು ಹಾಕ್ಲಿಲ್ಲ ಅಂತೆ. ಮುಖ ಇಲ್ಲ. ಯಾರದ್ದು ಅಂತ ಯಾರಿಗೂ ಗೊತ್ತಾಗುದಿಲ್ಲ.”

“ನನಗ ಗೊತ್ತಾತಲ್ಲ.”

ಯಕ್ಷಿತಾ ಇದನ್ನು ಇಂಗ್ಲಿಷಿಗೆ ತರಲಿಲ್ಲ.

“ನನ್ನ ಹೆಸರು ಹೊಡದ್ರಿ ನೀವು. ನಂದು ಖರಾಬ್ ಅಂದ್ರಿ. ಬಕೀಟಿನಾಗ ಒಗದ್ರಿ. ಖರಾಬ್ ಇದ್ದದ್ದು ಇಲ್ಲಿ ಯಾಕ ಹಚ್ಚೀರಿ? ಹಚ್ಚೀರಿ, ಇರ್ಲಿ. ಬ್ಯಾಡನ್ನಲ್ಲ. ಇವರಿಗೆಲ್ಲ ಏನು ಹೇಳ್ಲಕತ್ತಿದ್ರಿ, ಅದನ್ನ ನನಗೂ ಹೇಳ್ರಿ.”

ಸೋಮವ್ವ ಪರದೆಯ ಕಡೆ ತಿರುಗಿದಳು. ಗುಲಾಬಿ ಬೆಳಕು ಅವಳ ಬೆನ್ನ ಮೇಲೆ, ನರೆಯತೊಡಗಿದ ಕೂದಲ ಮೇಲೆ ಹರಡಿತು. ಅವಳ ನೆರಳು ಅರ್ಧ ಚಿತ್ರವನ್ನು ಮುಚ್ಚಿತು. ಬದಿಗೆ ಸರಿದು, ನೆರಳು ತಪ್ಪಿಸಿ, ಕೈ ಚಾಚಿ, ಸಿಮೆಂಟಿಗೆ ಬಿರಿದ ತೋರುಬೆರಳನ್ನು ಆ ಕೆಂಪಿನ ಮೇಲೆ ಇಟ್ಟಳು. ಪರದೆ ಸ್ವಲ್ಪ ಒಳಗೆ ಜಗ್ಗಿತು. ದೊಡ್ಡ ಡಾಕ್ಟರು ಆರಿಸಲು ಮರೆತ ಚುಕ್ಕೆ ಅವಳ ಮುಂಗೈಯ ಮೇಲೆ ನಿಂತಿತ್ತು.

“ಇದು. ಇದೇನು?”

ಬೆರಳು ತೆಗೆಯದೆ ಅವಳು ಯಕ್ಷಿತಾಳ ಕಡೆ ಕತ್ತು ತಿರುಗಿಸಿದಳು.

“ಹುಣ್ಣೇನು? ಗಂಟೇನು? ಇದು ಕೆಟ್ಟದ್ದೋ? ತೆಗೀಲಾಕ ಬರ್ತದೋ ಇಲ್ಲೋ? ಆರು ತಿಂಗಳ ಹಿಂದs ನೋಡೀರಿ ನೀವು. ಆವಾಗಿಂದ ಇದು ಎಷ್ಟು ಬೆಳದದ? ಹೇಳ್ರಲ್ಲ ಬಾಯಾರ. ನಿಮಗ ಕನ್ನಡ ಬರ್ತದ.”

ಯಕ್ಷಿತಾಳ ಬಾಯಿ ತೆರೆಯಿತು. ಅವಳು ದೊಡ್ಡ ಡಾಕ್ಟರ ಮುಖ ನೋಡಿದಳು. ಅವರು ಹಿಂದಕ್ಕೆ, ಯಂತ್ರದ ಹತ್ತಿರ ಕುಳಿತವನ ಕಡೆಗೆ ಕೈ ಬೀಸಿದರು.

ಚಿತ್ರ ಹೋಯಿತು.

ಹಾಲಿನ ದೀಪಗಳೆಲ್ಲ ಒಮ್ಮೆಗೇ ಹೊತ್ತಿದವು. ಪರದೆ ಬರೀ ಬಿಳಿ. ಕೋಟಿನವನು ಮೈಕು ಕಸಿದುಕೊಂಡು, ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಚಹಾ ತಯಾರಿದೆ ಎಂದು ಸಾರಿದ. ಕುರ್ಚಿಗಳು ಸರಿದವು. ಮಂದಿ ಎದ್ದರು, ಮೈಮುರಿದರು, ಬಾಗಿಲ ಕಡೆ ನಡೆದರು. ಕೆಲವರು ತಿರುಗಿ ನೋಡಿದರು.

ಸೋಮವ್ವ ಕೈ ಇಳಿಸಿರಲಿಲ್ಲ. ಖಾಲಿ ಬಿಳುಪಿನ ನಡುವೆ, ಕೆಂಪು ಇದ್ದ ಜಾಗದಲ್ಲಿ, ಅವಳ ಬೆರಳು ಹಾಗೆಯೇ ಒತ್ತಿಕೊಂಡಿತ್ತು.

“ಇಲ್ಲೇ ಇತ್ತು,” ಎಂದಳು.

“ಚಲೋ ಅಮ್ಮಾ, ನೀಚೆ ಆವೋ, ಬಸ್ ಹೋಗಯಾ,” ಎಂದು ಕೋಟಿನವನು ಅವಳ ರಟ್ಟೆಗೆ ಕೈ ಹಾಕಿದ. ಅವಳು ಕೊಸರಿದಳು. ಬೆರಳು ಜಾಗ ಬಿಡಲಿಲ್ಲ. ಚಾಚಿದ ತೋಳಿನ ಮೊಣಕೈಗೆ ಇನ್ನೊಂದು ಕೈಯಿಂದ ಆಸರೆ ಕೊಟ್ಟಳು. ಯಕ್ಷಿತಾ ಒಬ್ಬಳೇ ಮುಂದಿನ ಸಾಲಿನಲ್ಲಿ ನಿಂತಿದ್ದಳು, ಹೋಗಲೂ ಇಲ್ಲ, ಹತ್ತಿರ ಬರಲೂ ಇಲ್ಲ.

ಕಡೆಯ ಸಾಲಿನಿಂದ ಭಾಗವ್ವ ಎದ್ದು ಬಂದಳು. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡಳು. ಬಂದು, ಕೋಟಿನವನನ್ನು ಹೆಗಲಿಂದ ಅತ್ತ ನೂಕಿ, ಸೋಮವ್ವನ ಮಗ್ಗುಲಲ್ಲಿ ಪರದೆಗೆ ಬೆನ್ನು ಕೊಟ್ಟು ನಿಂತಳು.

“ಬೆರಳು ಸರಸಬ್ಯಾಡ, ಸೋಮೀ,” ಎಂದಳು. “ಜಾಗಾ ತಪ್ಪೀತು.”